ಗಡಿಯಾರದ ಹಾಳೆ ಸದ್ಯಕ್ಕೆ ಅಚ್ಚಿಗೆ ಬೇಡ

(ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ನಾವು ಎಂಟು ಮಂದಿ ಗೆಳತಿಯರು ತಾಂಜಾನಿಯಾದ ಮ್ವಾನ್ಜಾದ ಒಂದು ಪ್ರಾಥಮಿಕ ಶಾಲೆಗೆ ಕಾರ್ಡು, ಚಾರ್ಟು ಮಾಡಿ ಕಳಿಸುತ್ತಿದ್ದೇವೆ. ಸ್ವಾಹಿಲಿ ಅನುವಾದ ಮೊಬೈಲಿನಲ್ಲೇ ಆಯ್ತು. ಮೊದಲ ಕಂತು ತಲುಪಿದಾಗ 'ಅಸಾಂತೆ' ಅಂತ ಒಂದೇ ಪದದ ಉತ್ತರ ಬಂತು. ಬೇಜಾರಾಯಿತು. ಎರಡನೇ ಕಂತು ಅಚ್ಚು ಹಾಕಿಸಲು ದುಡ್ಡು ಬೇಕು, ಪತ್ರಿಕೆಯಲ್ಲಿ ಮನವಿ ಹಾಕುತ್ತೀರಾ?")

ಅಕ್ಕೋರೇ, ನಮಸ್ಕಾರ.

ಖಂಡಿತ ಹಾಕೋಣ. ಆದರೆ ಈ ತಿಂಗಳು ಬೇಡ. ಅಸಾಂತೆ ಅಂದ್ರೆ ಥ್ಯಾಂಕ್ಸ್, ಅದರಲ್ಲಿ ತಪ್ಪೇನೂ ಇಲ್ಲ. ಆದರೂ ನೀವು ಕಳಿಸಿದ ಮಾದರಿಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದ ಮೇಲೆ, ಮೊದಲ ಕಂತು ಅಲ್ಲಿನ ಬೀರುವಿನಲ್ಲೇ ಕೂತಿರಬಹುದು ಅಂತ ಅನುಮಾನ ಬಂತು.

ಗಡಿಯಾರದ ಹಾಳೆ ನೋಡಿ. ಹುಡುಗಿ ಬೆಳಿಗ್ಗೆ ಏಳಕ್ಕೆ ಶಾಲೆಗೆ ಹೊರಟಿದ್ದಾಳೆ, ಕೆಳಗೆ 'ಸಾ ಸಾಬಾ' ಅಂತ ಬರೆದಿದ್ದೀರಿ. ಸಾಬಾ ಅಂದ್ರೆ ಏಳು, ಅದು ಸರಿ. ಆದರೆ ಸ್ವಾಹಿಲಿಯಲ್ಲಿ ಗಂಟೆ ಎಣಿಸಲು ಶುರು ಮಾಡುವುದು ಸೂರ್ಯ ಹುಟ್ಟಿದ ಮೇಲೆ, ಹಾಗಾಗಿ ನಮ್ಮ ಬೆಳಗಿನ ಏಳು ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ, ನಮ್ಮ ಮಧ್ಯಾಹ್ನದ ಹನ್ನೆರಡು ಅವರಿಗೆ ಆರು. ನಿಮ್ಮ 'ಸಾ ಸಾಬಾ' ಅಂದ್ರೆ ಮಧ್ಯಾಹ್ನ ಒಂದು! ಪಾಪ, ಊಟದ ಹೊತ್ತಿಗೆ ಹುಡುಗಿ ಪಾಟಿಚೀಲ ಹಾಕಿಕೊಂಡು ಹೊರಟಂತಾಯ್ತು. ನಮ್ಮ ಪಂಚಾಂಗದ ಗಳಿಗೆ ಲೆಕ್ಕವೂ ಸೂರ್ಯೋದಯದಿಂದಲೇ ಅಲ್ವಾ? ನಮ್ಮಜ್ಜಿಗೆ ಹೇಳಿದ್ದರೆ ಥಟ್ಟನೆ ತಿಳಿಯುತ್ತಿತ್ತು, ಮೊಬೈಲಿಗೆ ತಿಳಿಯಲಿಲ್ಲ.

ಇನ್ನು ಅಕ್ಷರದ ಚಾರ್ಟು. ಸ್ವಾಹಿಲಿಯನ್ನು ಬರೆಯುವುದು ಇಂಗ್ಲಿಷ್ ಲಿಪಿಯಲ್ಲೇ, ಆದರೆ ಅವರ ಪದಗಳಲ್ಲಿ ಕ್ಯೂ, ಎಕ್ಸ್ ಬರುವುದೇ ಇಲ್ಲ. ಕ್ಯೂ ಅಂದ್ರೆ ಕ್ವೀನ್ ಅಂತ ಬರೆದ ರಾಣಿಯ ಚಿತ್ರಕ್ಕೆ ಅಷ್ಟು ಬಣ್ಣ ಸುಮ್ನೆ ದಂಡ. ಅಲ್ಲಿ ಓದು ಕಲಿಸುವುದು ಬಾ, ಬೆ, ಬಿ, ಬೊ, ಬು ಅಂತ. ನಮ್ಮ ಕಾಗುಣಿತದ ತಮ್ಮನೇ ಅನ್ನಿ. ಅದನ್ನು ಎಂಟು ಜನ ಅಕ್ಕೋರಿಗೆ ಯಾರು ಹೇಳಿಕೊಡಬೇಕು? ಕಿತಾಬು, ಕಲಾಮು, ಹಿಸಾಬು ಎಲ್ಲ ಅಲ್ಲೂ ಇವೆ, ಸ್ವಲ್ಪ ಉಚ್ಚಾರ ಬೇರೆ. ಧಾರವಾಡದವರಿಗಂತೂ ಅರ್ಧ ಪಾಠ ಮುಗಿದಂತೆ.

ತಪ್ಪಿನ ವಿಷಯದಲ್ಲಿ ನಾನೇನು ಸಾಚಾ ಅಲ್ಲ. ನಮ್ಮದೇ ಮಕ್ಕಳ ಪುಟದಲ್ಲಿ ಒಮ್ಮೆ, ಅದೂ ಮೇ ತಿಂಗಳಲ್ಲಿ, 'ಹಿಮದ ಬೊಂಬೆಗೆ ಬಣ್ಣ ತುಂಬಿ' ಅಂತ ಹಾಕಿದ್ದೆವು. ಗದಗದ ಹುಡುಗನೊಬ್ಬ ಅದಕ್ಕೆ ದಾರ ಸುತ್ತಿ ಹತ್ತಿ ಮೂಟೆ ಮಾಡಿ ಕಳಿಸಿದ್ದ.

ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಆಡುತ್ತಾ ಕಲಿಸುವ ನಲಿಕಲಿ ಕಾರ್ಡು ನಿಮಗೆ ಗೊತ್ತೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದನ್ನು ಶುರು ಮಾಡಿದ ಮೇಷ್ಟ್ರುಗಳ ಮುಂದೆ ಮಕ್ಕಳು ಕೂತಿದ್ದರು. ಕಾರ್ಡು ಕೆಲಸಕ್ಕೆ ಬರಲಿಲ್ಲ ಅಂದ್ರೆ ಮಾರನೇ ದಿನವೇ ತಿದ್ದಬಹುದಿತ್ತು. ನಿಮ್ಮ ಮಕ್ಕಳು ಸಮುದ್ರದಾಚೆ ಇದ್ದಾರೆ. ಅದಕ್ಕೇ ನಿಮ್ಮ ಗುಂಪಿಗೆ ಒಂಬತ್ತನೆಯವರಾಗಿ ಆ ಶಾಲೆಯ ಒಬ್ಬ ಟೀಚರ್ ಬೇಕು. ಅವರು ಪದ ಕೊಡಲಿ, ನೀವು ಚಿತ್ರ ಕೊಡಿ. ಹಾಳೆಯಲ್ಲಿ ಪದದ ಜಾಗ ಖಾಲಿ ಬಿಟ್ಟು ಕಳಿಸಿದರೂ ಆದೀತು.

ಒಬ್ಬೊಬ್ಬ ಮಗುವಿಗೆ ಒಂದೊಂದು ಕಾರ್ಡು ಅನ್ನುವ ಲೆಕ್ಕ ಬಿಡಿ. 2016ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಫೀಸು, ವಂತಿಗೆ ತೆಗೆದ ಮೇಲೆ ತರಗತಿಗಳು ತುಂಬಿ ತುಳುಕಿದವು. ಹಿಂದಿನ ಸಾಲಿಗೂ ಕಾಣುವಂಥ ದೊಡ್ಡ ಚಾರ್ಟು ಬೇಕು. ಖಾಲಿ ಅಕ್ಕಿ ಚೀಲವನ್ನು ಬಿಚ್ಚಿ, ಅದರ ಮೇಲೆ ಮಾರ್ಕರಿನಲ್ಲಿ ಬರೆದು ನೇತುಹಾಕುವ ರೂಢಿ ಪೂರ್ವ ಆಫ್ರಿಕಾದಲ್ಲಿ ಇದೆ. ಮಳೆ ಹನಿ ಬಿದ್ದರೂ ಹಾಳಾಗಲ್ಲ, ಪೋಸ್ಟಿನ ಖರ್ಚೂ ಇಲ್ಲ. ನೀವು ನಮೂನೆಯ ಫೋಟೋ ಕಳಿಸಿದರೆ ಸಾಕು. ಕತೆ ಪುಸ್ತಕ ಹೊಸದಾಗಿ ಬರೆಯುವ ಮೊದಲು ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಮಕ್ಕಳ ಕತೆಗಳ ಜಾಲತಾಣ ನೋಡಿ. ಅದರಲ್ಲಿ ಕನ್ನಡವೂ ಇದೆ, ಸ್ವಾಹಿಲಿಯೂ ಇದೆ. ಪುಕ್ಕಟೆ ಇಳಿಸಿಕೊಂಡು ಅಚ್ಚು ಹಾಕಬಹುದು.

ಮೀನಿನ ಕಾರ್ಡು ಬರೆದವರಿಗೆ ಮಾತ್ರ ಶಹಬ್ಬಾಸ್ ಹೇಳಿ. ಮ್ವಾನ್ಜಾ ವಿಕ್ಟೋರಿಯಾ ಸರೋವರದ ದಡದ ಊರು, ದಗಾ ಅನ್ನುವ ಬೆರಳುದ್ದದ ಮೀನನ್ನು ಅಲ್ಲಿ ರಾಶಿ ರಾಶಿ ಒಣಗಿಸುತ್ತಾರೆ. ಆ ಒಂದು ಕಾರ್ಡು ಬೀರುವಿನಿಂದ ಹೊರಗೆ ಬಂದಿರುತ್ತದೆ.

ಈಗ ಆ ಶಾಲೆಗೆ ಒಂದೇ ಸಾಲು ಬರೆಯಿರಿ: ಯಾವ ಪಾಠಕ್ಕೆ ಮಕ್ಕಳು ಜಾಸ್ತಿ ತಿಣುಕುತ್ತಾರೆ? ಉತ್ತರ ಬಂದ ಕೂಡಲೇ ನನಗೂ ಕಳಿಸಿ, ಮನವಿಯ ಪಕ್ಕದಲ್ಲೇ ಹಾಕುತ್ತೇನೆ.

– ಸಂಪಾದಕ