ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಮಾತ್ರ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಏಕೆ ಆಗುವುದಿಲ್ಲ?

ಕೊಬ್ಬರಿ ಎಣ್ಣೆಗೆ ಹೆಪ್ಪುಗಟ್ಟಲು ಭಾರೀ ಚಳಿ ಬೇಕಿಲ್ಲ. ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಕು. ತೀರ್ಥಹಳ್ಳಿ, ಹೊಸನಗರದ ಕಡೆ ಡಿಸೆಂಬರ್ ರಾತ್ರಿಗಳು ಅದಕ್ಕಿಂತ ಎಷ್ಟೋ ತಣ್ಣಗಿರುತ್ತವೆ. ಶೇಂಗಾ ಎಣ್ಣೆಗಾದರೋ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿಯೇ ಬೇಕು.

ವ್ಯತ್ಯಾಸ ಇರುವುದು ಅಣುಗಳ ಆಕಾರದಲ್ಲಿ. ಕೊಬ್ಬರಿ ಎಣ್ಣೆಯ ಅಣುಗಳಲ್ಲಿರುವ ಉದ್ದನೆಯ ಸರಪಳಿಗಳು ಬಹುತೇಕ ನೆಟ್ಟಗಿವೆ. ಸ್ವಲ್ಪ ತಣ್ಣಗಾಗಿ ಓಡಾಟ ಕಡಿಮೆಯಾದರೆ ಸಾಕು, ಜೋಡಿಸಿಟ್ಟ ಅಡಿಕೆ ದಬ್ಬೆಗಳಂತೆ ಒತ್ತೊತ್ತಾಗಿ ಕೂರುತ್ತವೆ. ಶೇಂಗಾ ಎಣ್ಣೆಯಲ್ಲಿ ಹೆಚ್ಚಿನವು ನಡುವೆ ಬಾಗಿವೆ. ಸೊಟ್ಟ ಸೌದೆ ಒಟ್ಟಿದಂತೆ, ಎಷ್ಟು ಒತ್ತಿದರೂ ಸಂದು ಉಳಿಯುತ್ತದೆ.

ಇನ್ನೊಂದು ಸೊಗಸು ನೋಡಬೇಕಿದ್ದರೆ, ಗಟ್ಟಿಯಾದ ಎಣ್ಣೆಯ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿಡಿ. ಮೊದಲು ಅಂಚು ಕರಗುತ್ತದೆ, ಆಮೇಲೆ ಬಿಳಿ ಗಡ್ಡೆ ಬಿಡಿಸಿಕೊಂಡು ತಳಕ್ಕೆ ಜಾರುತ್ತದೆ. ಒತ್ತೊತ್ತಾದ ಘನದ ಸಾಂದ್ರತೆ, ಅಂದರೆ ಅಷ್ಟೇ ಜಾಗದಲ್ಲಿ ತುಂಬಿರುವ ತೂಕ, ದ್ರವಕ್ಕಿಂತ ಹೆಚ್ಚು. ಹೆಚ್ಚಿನ ವಸ್ತುಗಳು ಹೀಗೆಯೇ. ತೇಲುವ ಮಂಜುಗಡ್ಡೆಯನ್ನು ನೋಡಿ ನೋಡಿ ನಮಗೆ ಅಪವಾದವೇ ನಿಯಮದಂತೆ ಕಾಣುತ್ತದೆ, ಅಷ್ಟೆ.

ಅಂದಹಾಗೆ, ಗಟ್ಟಿಯಾದ ಎಣ್ಣೆ ಕೆಟ್ಟಿತೆಂದು ಚೆಲ್ಲಬೇಡಿ.