ಮುಟುರು ಬಿಡಿಸುವ ಬಾಟಲಿ: ಹೊಡೆಯುವ ಮೊದಲು ನಾಲ್ಕು ಸಾಲು ಬಿಡಿ

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನಲ್ಲಿ ಎರಡು ಎಕರೆ ಮೆಣಸಿನಗಿಡ ಇದೆ. ನಾಟಿ ಮಾಡಿ 50 ದಿನ ಆಯಿತು, ಕುಡಿ ಮುಟುರುತ್ತಿದೆ (ಎಲೆ ಮುದುಡಿ ಮಡಚಿಕೊಳ್ಳುತ್ತಿದೆ). ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಬಂದಿದೆ: ‘ಶೇ 100 ಸಾವಯವ, ಮೂರು ದಿನದಲ್ಲಿ ವೈರಸ್ ಮಾಯ, ಇಳುವರಿ ದುಪ್ಪಟ್ಟು, ಲ್ಯಾಬ್ ಪರೀಕ್ಷೆ ಆಗಿದೆ.’ ಅರ್ಧ ಲೀಟರಿಗೆ 1,400 ರೂಪಾಯಿ. ಪಕ್ಕದ ಹೊಲದವರು ಹೊಡೆದ ಮೇಲೆ ಗಿಡ ಚಿಗುರಿದ್ದು ನಿಜ. ನಂಬಬಹುದೇ?

ಉತ್ತರ: ವೈರಸ್ ಮಾತನ್ನು ನಂಬಲೇಬೇಡಿ. ಗಿಡದೊಳಗೆ ಸೇರಿದ ವೈರಸ್ಸನ್ನು ಸಿಂಪರಣೆಯಿಂದ ವಾಸಿಮಾಡುವ ಔಷಧ ಇಲ್ಲ. ಅದನ್ನು ಹರಡುವ ಬಿಳಿನೊಣ ತಡೆಯಬಹುದು, ರೋಗದ ಗಿಡ ಕಿತ್ತು ಹಾಕಬಹುದು, ಅಷ್ಟೇ. ಇನ್ನೊಂದು, ಒಮ್ಮೆ ಮುಟುರಿದ ಎಲೆ ಮತ್ತೆ ಸಪಾಟಾಗುವುದಿಲ್ಲ. ಸುಧಾರಣೆ ಕಾಣುವುದು ಹೊಸ ಕುಡಿಯಲ್ಲಿ. ಮೂರು ದಿನಕ್ಕೆ ಅದೇ ಎಲೆ ಬಿಚ್ಚಿಕೊಂಡಂತೆ ವಿಡಿಯೊ ತೋರಿಸಿದರೆ, ಅವರು ತೋರಿಸುತ್ತಿರುವುದು ಬೇರೆ ಗಿಡ.

ಮುಟುರು ಎಲ್ಲವೂ ವೈರಸ್ ಅಲ್ಲ. ರಸ ಹೀರುವ ನುಸಿಗಳಿಂದಲೂ ಬರುತ್ತದೆ. ಎಲೆಯ ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ನಾಲ್ಕೈದು ಬಾರಿ ತಟ್ಟಿ. ಹಳದಿ ಇಲ್ಲವೇ ಕಪ್ಪು ಎಳೆಯಂಥ ಹುಳು ಹರಿದಾಡಿದರೆ ಅದು ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಸಿಗುವುದು ಕಷ್ಟ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ಇವೆರಡಕ್ಕೂ ಔಷಧಿ ಬೇರೆ ಬೇರೆ ಇರಬಹುದು. ರೋಗ ಯಾವುದೆಂದು ಕೇಳದೆಯೇ ಎಲ್ಲಕ್ಕೂ ಒಂದೇ ಬಾಟಲಿ ಕೊಡುವವರ ಬಗ್ಗೆ ಅನುಮಾನ ಬರಬೇಕು.

ಪಕ್ಕದವರು ಸುಳ್ಳು ಹೇಳುತ್ತಿಲ್ಲ. ಆದರೆ ಜೋರು ಮಳೆ ಬಿದ್ದರೆ ಥ್ರಿಪ್ಸ್ ತಾನಾಗಿಯೇ ತೊಳೆದು ಹೋಗುತ್ತದೆ, ವಾರದಲ್ಲಿ ಗಿಡ ಹೊಸ ಚಿಗುರು ಬಿಡುತ್ತದೆ. ಮಳೆಗೆ ಮುಂಚೆ ಏನು ಹೊಡೆದಿದ್ದರೂ ಹೆಸರು ಅದಕ್ಕೇ ಬರುತ್ತದೆ! ಹೊಡೆಯದೆ ಬಿಟ್ಟ ಸಾಲು ಇಲ್ಲದಿದ್ದರೆ ಇದನ್ನು ಬೇರ್ಪಡಿಸಲು ಆಗುವುದಿಲ್ಲ.

ಈಗ ಬಾಟಲಿ ತಿರುಗಿಸಿ ನೋಡಿ. ಕೀಟ ಕೊಲ್ಲುತ್ತದೆ ಎಂದರೆ ಅದು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಆಗಿರಬೇಕು. ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ, ತಯಾರಕರ ಪೂರ್ತಿ ವಿಳಾಸ, ವಿಷದ ಮಟ್ಟ ತೋರಿಸುವ ಬಣ್ಣದ ಗುರುತು ಇರಬೇಕು. ಈ ಬಣ್ಣದಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ಕೆಂಪು, ಹಳದಿ, ನೀಲಿ, ಹಸಿರು ಎಂಬ ಕ್ರಮದಲ್ಲಿ ವಿಷ ಕಡಿಮೆಯಾಗುತ್ತದೆ. ಹಸಿರು ಎಂದರೆ ಸಾವಯವ ಅಲ್ಲ. ‘ಇದು ಔಷಧಿಯಲ್ಲ, ಜೈವಿಕ ಉತ್ತೇಜಕ’ (ಗಿಡದ ಬೆಳವಣಿಗೆಗೆ ನೆರವಾಗುವ ಪದಾರ್ಥ) ಎಂದು ಜಾರಿಕೊಂಡರೆ, ಅಂಥವನ್ನೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿದ್ದಾರೆ. ಉತ್ತೇಜಕವೆಂದು ಮಾರುವ ಬಾಟಲಿ ಹುಳು ಕೊಲ್ಲುತ್ತೇನೆ ಎನ್ನುವಂತಿಲ್ಲ.

ಲ್ಯಾಬ್ ವರದಿ ಕೇಳಿ, ಓದಿ. ಸಾಮಾನ್ಯವಾಗಿ ಅದರಲ್ಲಿ ಇರುವುದು ದ್ರವದಲ್ಲಿ ಏನೇನು ಎಷ್ಟಿದೆ ಎಂಬುದು ಮಾತ್ರ. ಹೊಲದಲ್ಲಿ ಕೆಲಸ ಮಾಡಿತೇ ಎಂಬುದು ಬೇರೆಯೇ ಪರೀಕ್ಷೆ. ಯಾವ ಬೆಳೆ, ಯಾವ ಹಂಗಾಮು, ಲೀಟರ್ ನೀರಿಗೆ ಎಷ್ಟು ಮಿಲಿ, ಹೊಡೆಯದ ಸಾಲಿಗಿಂತ ಎಷ್ಟು ವ್ಯತ್ಯಾಸ, ಇವೆಲ್ಲ ಅದರಲ್ಲಿ ಬರೆದಿರಬೇಕು.

ಲೇಬಲ್ ಸರಿ ಇಲ್ಲದ ಬಾಟಲಿಯ ಒಂದು ಹನಿಯೂ ಹೊಲಕ್ಕೆ ಬೇಡ. ಒಳಗೆ ಹೆಸರಿಲ್ಲದ ರಾಸಾಯನಿಕ ಇದ್ದರೆ ಉಳಿಕೆ ಕಾಯಿಯಲ್ಲಿ ಕೂರುತ್ತದೆ, ರಫ್ತಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಲೇಬಲ್ ಸರಿ ಇದ್ದರೆ ಹೊಲದ ನಡುವೆ, ಬದುವಿನ ಪಕ್ಕ ಅಲ್ಲ, ನಾಲ್ಕು ಸಾಲಿಗೆ ಬರೀ ನೀರು ಹೊಡೆಯಿರಿ. ಅದೇ ದಿನ ಉಳಿದ ಸಾಲಿಗೆ ಔಷಧಿ. ಎರಡೂ ಕಡೆ ಹತ್ತು ಹತ್ತು ಗಿಡದ ಕುಡಿ ತಟ್ಟಿ ಹುಳು ಎಣಿಸಿ ಬರೆದಿಡಿ, ಏಳನೇ ದಿನ ಮತ್ತೆ ಎಣಿಸಿ. ಮಳೆ ಬಂದರೆ ಎರಡೂ ಕಡೆ ಬೀಳುತ್ತದೆ, ಲೆಕ್ಕ ಕೆಡುವುದಿಲ್ಲ.

ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ, ದೂರು ಕೊಡುವಾಗ ಅದೇ ಆಧಾರ. ಇನ್ನೂ ಅನುಮಾನವಿದ್ದರೆ ಬೆಳಿಗ್ಗೆಯೇ ಕಿತ್ತ ನಾಲ್ಕೈದು ಕುಡಿಯನ್ನು ಪತ್ರಿಕೆಯಲ್ಲಿ ಸುತ್ತಿ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಗದಗ ಕಡೆಯವರಿಗೆ ಹುಲಕೋಟಿಯ ಕೇಂದ್ರ ಹತ್ತಿರ. ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಕನ್ನಡದಲ್ಲೇ ಕೇಳಬಹುದು.