ಕಾಪರ್ ಟಿ ತೆಗೆಸಿದ ಮೇಲೆ ಬೂದು ಬಣ್ಣದ ಸ್ರಾವ, ವಾಸನೆ ಬರುತ್ತಿದೆ. ಇದು ಮಾಮೂಲಾ?

ಕಾಪರ್ ಟಿ ತೆಗೆಸಿ ಹತ್ತು ದಿನವಾಯಿತು, ಮೊದಲು ಕಂದು ಬಣ್ಣದ್ದು ಹೋಗುತ್ತಿತ್ತು, ಈಗ ತೆಳ್ಳಗೆ ಬೂದು ಬಣ್ಣದ್ದು ಹೋಗುತ್ತಿದೆ, ವಾಸನೆ ಇದೆ, ಕಿಬ್ಬೊಟ್ಟೆಯಲ್ಲಿ ಸಣ್ಣಗೆ ನೋವು ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ತೆಗೆಸಿದ ಮೇಲೆ ನನಗೂ ಹೀಗೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಕಂದು ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದು ಹಳೆಯ ರಕ್ತ. ಎಳೆದು ತೆಗೆಯುವಾಗ ಗರ್ಭಕೋಶ ಸ್ವಲ್ಪ ಹಿಂಡುತ್ತದೆ, ಮುಟ್ಟಿನ ನೋವಿನ ಹಾಗೆ ನೋಯುತ್ತದೆ. ಎರಡೂ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತಾ ಬರಬೇಕು.

ಆದರೆ ವಾಸನೆ ಬೇರೆ ವಿಷಯ. ತೆಳುವಾದ ಬೂದು ಸ್ರಾವ, ಮೀನಿನಂಥ ವಾಸನೆ, ಸಂಪರ್ಕದ ನಂತರ ಅದು ಇನ್ನೂ ಜಾಸ್ತಿ ಅಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು. ನನಗೆ ಆಗಿದ್ದು ಅದೇ. ಯೋನಿಯ ಒಳಗೆ ಸಾಮಾನ್ಯವಾಗಿ ಹುಳಿ ಅಂಶ ಇರುತ್ತದೆ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.5ಕ್ಕಿಂತ ಕಡಿಮೆ. ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಹಾಗೇ ಉಳಿಸಿಕೊಂಡಿರುತ್ತವೆ. ಅವು ಕಡಿಮೆಯಾದರೆ ಬೇರೆಯವು ಬೆಳೆಯುತ್ತವೆ. ಡಾಕ್ಟರ್ ಹತ್ತಿಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಪಿಎಚ್ ನೋಡುವ ಒಂದು ಪಟ್ಟಿ ಕಾಗದಕ್ಕೆ ಒರೆಸಿದರು. ಕಾಗದದ ಬಣ್ಣ ಅಲ್ಲೇ ಬದಲಾಯಿತು. ಉಳಿದದ್ದನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಿದರು. ಮೆಟ್ರೋನಿಡಜೋಲ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು, ಕಡಿಮೆಯಾಯಿತು.

ಹಾಗಂತ ನೀವೂ ಸುಮ್ನೆ ಅದನ್ನೇ ತಂದು ನುಂಗಬೇಡಿ. ಫಂಗಸ್ ಆಗಿದ್ದರೆ ಸ್ರಾವ ಒಡೆದ ಮೊಸರಿನ ಹಾಗೆ ಗಟ್ಟಿ ಇರುತ್ತದೆ, ವಾಸನೆಗಿಂತ ತುರಿಕೆ, ಉರಿ ಜಾಸ್ತಿ. ಅದಕ್ಕೆ ಕ್ಲೋಟ್ರಿಮಜೋಲ್ ಥರದ ಔಷಧ ಬೇಕು. ಒಂದರ ಔಷಧ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.

ನಿಮಗೆ ಕಿಬ್ಬೊಟ್ಟೆ ನೋವೂ ಇರುವುದರಿಂದ ಒಂದೆರಡು ದಿನದೊಳಗೆ ತೋರಿಸಿಬಿಡಿ. ಜ್ವರ, ಚಳಿ ಬಂದರೆ, ನೋವು ಏರುತ್ತಾ ಹೋದರೆ, ಸ್ರಾವ ಹಳದಿ ಅಥವಾ ಹಸಿರಾದರೆ, ಸಂಪರ್ಕದಲ್ಲಿ ಒಳಗೆ ನೋವಾದರೆ ಅಷ್ಟೂ ಕಾಯಬೇಡಿ, ಅವತ್ತೇ ಹೋಗಿ. ಸೋಂಕು ಗರ್ಭಕೋಶಕ್ಕೆ, ಅದರ ಪಕ್ಕದ ಅಂಡನಾಳಗಳಿಗೆ ಏರಿದರೆ ಮುಂದೆ ಮಕ್ಕಳಾಗುವುದಕ್ಕೂ ತೊಂದರೆ.

ಇನ್ನೊಂದು, ಯಾರೂ ಸರಿಯಾಗಿ ಹೇಳುವುದಿಲ್ಲ. ಕಾಪರ್ ಟಿ ತೆಗೆದ ಕೂಡಲೇ ಗರ್ಭ ನಿಲ್ಲಬಹುದು. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು, ಹಾಗಾಗಿ ತೆಗೆಸುವ ಮುಂಚಿನ ವಾರದ ಸಂಪರ್ಕವೂ ಲೆಕ್ಕಕ್ಕೆ ಬರುತ್ತದೆ. ಮುಟ್ಟು ತಡವಾದರೆ ಟೆಸ್ಟ್ ಮಾಡಿಕೊಳ್ಳಿ. ಟೆಸ್ಟ್ ಪಾಸಿಟಿವ್ ಬಂದು, ಒಂದೇ ಪಕ್ಕ ಜೋರು ನೋವಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಿ, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು.

ಡಾಕ್ಟರಿಗೆ ತೋರಿಸುವವರೆಗೆ ಒಳಗೆ ಸೋಪು, ಡೆಟಾಲ್ ಯಾವುದೂ ಹಾಕಿ ತೊಳೆಯಬೇಡಿ. ವಾಸನೆಗೆ ಅದೇ ಪರಿಹಾರ ಅನಿಸುತ್ತದೆ, ಅಲ್ವಾ? ಆದರೆ ಅದರಿಂದ ಇನ್ನೂ ಕೆಡುತ್ತದೆ. ಕ್ರೀಮು, ಒಳಗಿಡುವ ಮಾತ್ರೆಯೂ ಬೇಡ, ಪರೀಕ್ಷೆಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ತೆಗೆದಾಗ ಕಾಪರ್ ಟಿ ಪೂರ್ತಿ ಬಂದಿತ್ತಾ ಅಂತಲೂ ಕೇಳಿಕೊಳ್ಳಿ.